ಆಧಾರವಿಲ್ಲದ ಉದ್ದ

ಮೂರನೆಯ ಸಲವೂ ಎಂಬತ್ತನಾಲ್ಕೇ ಬಂತು. ಮೊದಲ ಸಲ ಕೋಷ್ಟಕದಿಂದ ತೆಗೆದಿದ್ದ, ಎರಡನೆಯ ಸಲ ಸೂತ್ರಕ್ಕೆ ಹಾಕಿ, ಮೂರನೆಯ ಸಲ ಕ್ಯಾಲ್ಕುಲೇಟರಿನ ಮೇಲೇ ಅನುಮಾನ ಹುಟ್ಟಿ, ಬೀರುವಿನ ತಳದಿಂದ ಹಳೆಯ ಲಾಗ್ ಟೇಬಲ್ ಹುಡುಕಿ ತೆಗೆದು, ಕೈಯಲ್ಲೇ ಲೆಕ್ಕ ಮಾಡಿ. ಪೆನ್ಸಿಲ್ ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಚೂಪಾಗಿಯೇ ಇದ್ದ ಮೊನೆಯನ್ನು ಇನ್ನಷ್ಟು ಕೆತ್ತಿದ. ಪಕ್ಕದ ಮೇಜಿನ ಹೆಂಗಸು ನೀರು ಕುಡಿಯಲೆಂದು ಎದ್ದಾಗ ಹಾಳೆಯ ಮೇಲೆ ಬೇರೊಂದು ಕಟ್ಟಡದ ನಕ್ಷೆ ಎಳೆದು ಮುಚ್ಚಿ, ಅದನ್ನೇ ಗಹನವಾಗಿ ನೋಡುತ್ತಿರುವವನಂತೆ ಹುಬ್ಬು ಗಂಟಿಕ್ಕಿದ. ಇಪ್ಪತ್ತಾರು ವರ್ಷ ಈ ಕಚೇರಿಯಲ್ಲಿ ಇತರರ ಲೆಕ್ಕ ತಾಳೆ ನೋಡಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದವನು ಪರೀಕ್ಷೆಯಲ್ಲಿ ಚೀಟಿ ಬಚ್ಚಿಡುವವನ ಹಾಗೆ ಕೂತಿದ್ದೇನಲ್ಲ ಎನಿಸಿ ಅವನಿಗೆ ತನ್ನ ಮೇಲೇ ಕೋಪ ಬಂತು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು. ಲಾರಿ ಬರುವುದು ಎರಡು ಗಂಟೆಗೆ.

ಲೆಕ್ಕ ಅಕ್ಕನ ಅಟ್ಟದ್ದು. ಅಕ್ಕ ಮತ್ತು ಭಾವ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡಿಂಗ್ ಷೆಡ್ಡು ನಡೆಸುತ್ತಿದ್ದರು. ಮೂರು ವರ್ಷದ ಹಿಂದೆ, ಕಾಗದ ಪೇರಿಸಲು ಜಾಗ ಸಾಲದೆ ಒಳಗೇ ಒಂದು ಕಬ್ಬಿಣದ ಅಟ್ಟ ಹಾಕಿಸಬೇಕೆಂದಾಗ, ನಾನಿರುವಾಗ ಬೇರೆಯವರ ಹತ್ತಿರ ಯಾಕೆ ಹೋಗ್ತೀರಿ ಎಂದು ಅವನೇ ಮೈಮೇಲೆ ಎಳೆದುಕೊಂಡಿದ್ದ. ನಾಲ್ಕೂವರೆ ಮೀಟರು ಉದ್ದದ ಚಾನಲುಗಳು, ಒಂದು ಬದಿ ತೆರೆದ ಡಬ್ಬಿಯಂಥ ತೊಲೆಗಳು, ಗೋಡೆಯಿಂದ ಗೋಡೆಗೆ. ಅವುಗಳ ಮೇಲೆ ದಪ್ಪ ತಗಡಿನ ನೆಲ. ಮೇಲಿನಿಂದ ಭಾರ ಬಿದ್ದಾಗ ಚಾನಲಿನ ಕೆಳಗಿನ ಅಂಚು ಹಿಗ್ಗುತ್ತದೆ, ಮೇಲಿನ ಅಂಚು ಒತ್ತಿಹೋಗುತ್ತದೆ. ಒತ್ತಿಸಿಕೊಂಡ ಅಂಚಿಗೆ ಪಕ್ಕಕ್ಕೆ ಜಾರಿ ತಪ್ಪಿಸಿಕೊಳ್ಳುವ ಚಾಳಿ. ಅದನ್ನು ಉದ್ದಕ್ಕೂ ಏನಾದರೂ ಹಿಡಿದುಕೊಂಡಿದ್ದರೆ ಚದರ ಮಿಲಿಮೀಟರಿಗೆ ನೂರ ಅರವತ್ತೈದು ನ್ಯೂಟನ್ ಒತ್ತಡದವರೆಗೆ ಹೋಗಬಹುದು ಎಂದು ಪುಸ್ತಕ ಅನುಮತಿ ಕೊಡುತ್ತದೆ. ಹಿಡಿದುಕೊಳ್ಳುವುದು ಏನೂ ಇಲ್ಲದಿದ್ದರೆ, ಆಧಾರವಿಲ್ಲದ ಉದ್ದ ಬೆಳೆದಷ್ಟೂ ಅನುಮತಿ ಇಳಿಯುತ್ತ ಹೋಗುತ್ತದೆ. ಈ ಚಾನಲಿಗೆ, ನಾಲ್ಕೂವರೆ ಮೀಟರಿಗೆ, ಎಂಬತ್ತನಾಲ್ಕು. ಅಟ್ಟದ ತುಂಬ ಕಾಗದ ಪೇರಿಸಿದರೆ ಹುಟ್ಟುವ ಒತ್ತಡ ನೂರ ನಲವತ್ತೆಂಟು. ಅದನ್ನೂ ಅವನೇ ಲೆಕ್ಕ ಹಾಕಿದ್ದ, ಸಾಕಷ್ಟು ಕೆಳಗಿದೆ ಎಂದು ಟಿಕ್ಕು ಹಾಕಿ ಸಹಿ ಮಾಡಿದ್ದ.

ತಗಡಿನ ನೆಲ ಇದ್ದೇ ಇದೆಯಲ್ಲ, ಅದು ಹಿಡಿದುಕೊಳ್ಳುತ್ತದೆ ಎಂದುಕೊಂಡಿದ್ದ. ತಗಡನ್ನು ಚಾನಲಿಗೆ ವೆಲ್ಡಿಂಗ್ ಮಾಡದವರು ಯಾರಿದ್ದಾರೆ? ನಿನ್ನೆ ಸಂಜೆ ಐದೂವರೆಗೆ ಭಾವ ಹೊಸ ಕತ್ತರಿಸುವ ಯಂತ್ರ ತೋರಿಸಲು ಕರೆದಿದ್ದರು. ಯಂತ್ರ ನೋಡಿದ್ದಾಯಿತು, ಚಹಾ ಕುಡಿದದ್ದಾಯಿತು. ಅಟ್ಟದ ಮೇಲೆ ಕಸ ಗುಡಿಸುತ್ತಿದ್ದ ಆಳು ಬಗ್ಗಿ, ಡಬ್ಬದ ಮುಚ್ಚಳ ತೆಗೆದಷ್ಟು ಸಲೀಸಾಗಿ ಒಂದು ತಗಡನ್ನು ಎತ್ತಿ ಬದಿಗಿಟ್ಟು ಸಂದಿಯ ದೂಳು ತೆಗೆಯತೊಡಗಿದ. ಆ ಚೌಕದಿಂದ ಸಂಜೆಯ ಬೆಳಕು ನೇರ ಅಕ್ಕನ ಮೇಜಿನ ಮೇಲೆ ಬಿತ್ತು. ‘ನೋಡ್ದ್ಯಾ, ನನ್ನ ತಲೆ!’ ಎಂದು ಭಾವ ನಕ್ಕರು. ‘ವೆಲ್ಡಿಂಗ್ ಮಾಡಿದ್ರೆ ತಗಡು ಸೊಟ್ಟಗಾಗತ್ತೆ, ಕಾಗದದ ದೂಳು ಒಳಗೇ ಕೂರತ್ತೆ. ಸುಮ್ನೆ ಇಟ್ಟು ಬಿಡಪ್ಪಾ ಅಂತ ವೆಲ್ಡರಿಗೆ ನಾನೇ ಹೇಳ್ದೆ. ಎರಡು ದಿನದ ಕೆಲಸ ಉಳೀತು. ನಿನ್ನ ನಕ್ಷೇಲೂ ವೆಲ್ಡಿಂಗ್ ಅಂತ ಎಲ್ಲೂ ಬರ್ದಿರಲಿಲ್ಲ.’ ಅವನು ‘ಹೌದು ಭಾವ’ ಎಂದಿದ್ದ. ಹೌದು ಭಾವ! ಅದಷ್ಟೇ ಬಾಯಿಂದ ಬಂದದ್ದು. ‘ನಾಳೆ ಎರಡು ಗಂಟೆಗೆ ಒಂದು ಲಾರಿ ಕಾಗದ ಬರತ್ತೆ, ಮೊದಲನೇ ಸಲ ಅಟ್ಟ ಪೂರ್ತಿ ತುಂಬತ್ತೆ,’ ಎಂದು ಅಕ್ಕ ಸೂಜಿಗೆ ದಾರ ಪೋಣಿಸುತ್ತ ಹೇಳಿದಾಗಲೂ ಅವನು ಏನೋ ನಕ್ಕು, ಲೋಟ ಕೆಳಗಿಟ್ಟು, ಕೆಲಸವಿದೆಯೆಂದು ಹೊರಟುಬಂದಿದ್ದ. ಮನೆಗೆ ಹೋಗಿ ಊಟ ಮಾಡಿದ. ಹೆಂಡತಿ ಏನೋ ಕೇಳಿದ್ದಕ್ಕೆ ಏನೋ ಹೇಳಿದ. ಎಲ್ಲಕ್ಕಿಂತ ಅವನನ್ನು ಈಗ ಚುಚ್ಚುತ್ತಿದ್ದದ್ದು, ರಾತ್ರಿ ಚೆನ್ನಾಗಿ ನಿದ್ದೆ ಬಂದದ್ದು.

ನಕ್ಷೆಯಲ್ಲಿ ಬರೆದಿತ್ತು. ಭಾವನಿಗೆ ಅದು ಗೊತ್ತಿಲ್ಲ. ಅಟ್ಟದ ಮೊದಲ ಲೆಕ್ಕ ಮಾಡಿದವಳು ಈ ಪಕ್ಕದ ಮೇಜಿನವಳೇ. ಯಾವ ಸಂಖ್ಯೆಯನ್ನೂ ಎರಡು ದಶಾಂಶವಿಲ್ಲದೆ ಬರೆಯುವವಳಲ್ಲ. ಅದಕ್ಕೇ ಅವನು ಅವಳಿಗೆ ದಶಾಂಶ ಎಂದು ಹೆಸರಿಟ್ಟಿದ್ದ, ಕಚೇರಿಯ ಬಾಯಲ್ಲಿ ಅದೇ ನಿಂತುಬಿಟ್ಟಿತ್ತು, ಜವಾನ ಕೂಡ ಒಮ್ಮೆ ಬಾಯಿತಪ್ಪಿ ದಶಾಂಶ ಮೇಡಂ ಎಂದು ಕರೆದು ನಾಲಿಗೆ ಕಚ್ಚಿಕೊಂಡಿದ್ದ. ಇನ್ನೂರು ಮಿಲಿಮೀಟರು ಎತ್ತರದ ಚಾನಲಿಗೆ ಅನುಮತಿ ಎಂಬತ್ತನಾಲ್ಕೇ ಎಂದು ಅವಳು ಮುನ್ನೂರರದನ್ನು ಆರಿಸಿದ್ದಳು. ಅವನು ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ‘ಏನ್ರೀ ಇದು, ಪುಸ್ತಕ ಇಡೋಕೋ ಆನೆ ಕಟ್ಟೋಕೋ?’ ಎಂದಿದ್ದ. ಎಲ್ಲರೂ ನಕ್ಕರು. ನಗದಿದ್ದರೆ ಅವನು ಅಲ್ಲಿಗೇ ನಿಲ್ಲಿಸುತ್ತಿದ್ದನೋ ಏನೋ. ನಕ್ಕಿದ್ದರಿಂದ ಇನ್ನೂ ಹುರುಪು ಬಂದು, ಕೆಂಪು ಪೆನ್ಸಿಲ್ ತೆಗೆದು ಎಂಬತ್ತನಾಲ್ಕನ್ನು ಹೊಡೆದು ಹಾಕಿ ನೂರ ಅರವತ್ತೈದು ಎಂದು ಬರೆದು, ಇನ್ನೂರರ ಚಾನಲ್ ಸಾಕು ಎಂದ. ಅವಳು ಜಗಳವಾಡಲಿಲ್ಲ. ತನ್ನ ಮೇಜಿಗೆ ಹೋಗಿ, ನಕ್ಷೆಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಬರೆದು ತಂದಳು: ತಗಡುಗಳನ್ನು ಚಾನಲುಗಳಿಗೆ ಉದ್ದಕ್ಕೂ ವೆಲ್ಡಿಂಗ್ ಮಾಡಿದರೆ ಮಾತ್ರ. ಆ ‘ಮಾತ್ರ’ದ ಕೆಳಗೆ ಒಂದು ಗೆರೆ. ಅವನಿಗೆ ಆ ಗೆರೆ ಮೈ ಉರಿಸಿತು. ಮನೆಯವರ ಕೆಲಸಕ್ಕೆ ಇಷ್ಟೆಲ್ಲ ಷರತ್ತೇ, ಭಾವನೇನು ಕೋರ್ಟೇ, ಎಂದುಕೊಂಡು ಸಂಜೆ ಎಲ್ಲರೂ ಹೋದ ಮೇಲೆ ರಬ್ಬರಿನಿಂದ ನೀಟಾಗಿ ಅಳಿಸಿ, ಪುಡಿಯನ್ನು ಊದಿ ಹಾಕಿದ್ದ. ಮರುದಿನ ಅಕ್ಕನ ಮುಂದೆ ಜಂಬ ಕೊಚ್ಚಿದ್ದ, ‘ಕಬ್ಬಿಣ ಅರ್ಧಕ್ಕರ್ಧ ಕಡಿಮೆ ಮಾಡಿಸಿದೀನಿ ನೋಡು.’ ಅಂದಿನಿಂದ ಅಕ್ಕ ಷೆಡ್ಡಿಗೆ ಬಂದವರಿಗೆಲ್ಲ ತಲೆ ಮೇಲೆ ಬೊಟ್ಟು ಮಾಡಿ, ಇದು ನನ್ನ ತಮ್ಮನ ಲೆಕ್ಕ, ಕಣ್ಣು ಮುಚ್ಚಿ ಕೆಳಗೆ ಕೂರಬಹುದು, ಎನ್ನುತ್ತಿದ್ದಳು. ಅವಳೂ ಹಾಗೆಯೇ ಕೂರುತ್ತಿದ್ದಳು. ಎರಡನೆಯ ಚಾನಲಿನ ನಟ್ಟನಡುವೆ, ಕಿಟಕಿಯ ಬೆಳಕು ಅಲ್ಲೇ ಚೆನ್ನಾಗಿದೆಯೆಂದು.

ಅವನು ಫೋನು ಎತ್ತಿ ಅಕ್ಕನ ಹೆಸರಿನವರೆಗೆ ಬೆರಳು ಇಳಿಸಿ ಮತ್ತೆ ಮೇಜಿನ ಮೇಲೆ ಕವುಚಿಟ್ಟ. ಈಗ ಅಟ್ಟದಲ್ಲಿ ಅರ್ಧ ಭಾರವಷ್ಟೇ ಇದೆ. ಅರ್ಧವೆಂದರೆ ಎಪ್ಪತ್ತನಾಲ್ಕು, ಎಂಬತ್ತನಾಲ್ಕಕ್ಕಿಂತ ಕಡಿಮೆ. ಅಂದರೆ ಈ ಕ್ಷಣ ಅಕ್ಕ ಕ್ಷೇಮ. ಎರಡು ಗಂಟೆಯವರೆಗೆ ಕ್ಷೇಮ. ಒತ್ತಡ ನೂರ ನಲವತ್ತೆಂಟಕ್ಕೆ ಏರಿದರೂ ಥಟ್ಟನೆ ಬಿದ್ದುಬಿಡುತ್ತದೆಂದು ಯಾವ ಪುಸ್ತಕವೂ ಹೇಳುವುದಿಲ್ಲ. ಅನುಮತಿ ಬೇರೆ, ಬೀಳುವುದು ಬೇರೆ, ಎರಡರ ನಡುವೆ ತಿಳಿದವರು ಬಿಟ್ಟ ಜಾಗವಿದೆ. ಆ ಜಾಗದಲ್ಲಿ ತಾನೊಂದು ಚಾಪೆ ಹಾಸಿಕೊಂಡು ಮಲಗಲು ನೋಡುತ್ತಿದ್ದೇನೆ ಎಂದು ಅವನಿಗೇ ಅನ್ನಿಸಿತು. ಅನ್ನಿಸಿಯೂ ಹೊಸ ಹಾಳೆ ತೆಗೆದ. ಚಾನಲುಗಳ ಅಡಿಯಲ್ಲಿ ವಿದ್ಯುತ್ ತಂತಿಯ ಪೈಪುಗಳು ಅಡ್ಡಡ್ಡ ಹಾದುಹೋಗಿರುವುದು ನೆನಪಾಯಿತು. ಎರಡು ಕಡೆ, ಸುಮಾರಾಗಿ ಮೂರು ಸಮಪಾಲಿಗೆ, ಕ್ಲಾಂಪು ಹಾಕಿದ್ದಾರೆ. ಒಂದೇ ಕ್ಲಾಂಪೆಂದು ಹಿಡಿದರೆ ಆಧಾರವಿಲ್ಲದ ಉದ್ದ ಎರಡೂಕಾಲು ಮೀಟರು, ಅನುಮತಿ ನೂರ ಇಪ್ಪತ್ತೈದು. ಎರಡೆಂದರೆ ಒಂದೂವರೆ ಮೀಟರು, ನೂರ ನಲವತ್ತನಾಲ್ಕು. ನಾಲ್ಕೇ ನಾಲ್ಕು ಸಾಲದು. ಕಾಗದದ ತೂಕವನ್ನು ಸ್ವಲ್ಪ ಧಾರಾಳವಾಗಿಯೇ ಹಿಡಿದಿದ್ದೆ ತಾನೇ, ಓಡಾಡಲು ಜಾಗ ಬಿಟ್ಟೇ ಪೇರಿಸುತ್ತಾರೆ ತಾನೇ. ನೂರಕ್ಕೆ ಮೂರು ಕಡಿಮೆ ಮಾಡಿದ. ನೂರ ನಲವತ್ಮೂರೂವರೆ. ಆಯಿತು! ಬೆನ್ನು ಕುರ್ಚಿಗೆ ಒರಗಿಸಿ ಉಸಿರುಬಿಟ್ಟ. ಚಿಕ್ಕಂದಿನಲ್ಲಿ ಕೂಡುವ ಲೆಕ್ಕ ತಪ್ಪಿದಾಗ ಉತ್ತರ ನೋಡಿಕೊಂಡು ಹಿಂದಿನಿಂದ ಮುಂದಕ್ಕೆ ಬರೆಯುತ್ತಿದ್ದ. ಅಕ್ಕ ಸ್ಲೇಟನ್ನು ಒಂದು ಸಲ ನೋಡಿ, ಏನೂ ಅನ್ನದೆ, ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ ಮತ್ತೆ ಅವನ ಕೈಗೆ ಕೊಡುತ್ತಿದ್ದಳು. ಅವನು ಮೇಜಿನಿಂದೆದ್ದು ಕಿಟಕಿಯವರೆಗೆ ಹೋದ. ಕಾಲು ಸುಟ್ಟ ಬೆಕ್ಕಿನ ಹಾಗೆ ಬೆಳಿಗ್ಗೆಯಿಂದ ಇದು ಎಷ್ಟನೆಯ ಸಲವೋ.

‘ಸರ್, ಕೋಷ್ಟಕದ ಪುಸ್ತಕ ಮುಗೀತಾ?’

ದಶಾಂಶ ಅವನ ಮೇಜಿನ ಬಳಿ ನಿಂತಿದ್ದಳು. ಕಚೇರಿಗೆಲ್ಲ ಆ ಪುಸ್ತಕ ಒಂದೇ ಪ್ರತಿ. ಅದು ಚಾನಲುಗಳ ಪುಟದಲ್ಲಿ ತೆರೆದುಕೊಂಡು ಬಿದ್ದಿತ್ತು, ಪಕ್ಕದಲ್ಲಿ ಹಾಳೆ, ಹಾಳೆಯ ಮೇಲೆ ಪೈಪುಗಳ ಚಿತ್ರ. ಮುಚ್ಚಲು ಅವನು ನಾಲ್ಕು ಹೆಜ್ಜೆ ದೂರವಿದ್ದ. ಅವಳು ಓದಬೇಕೆಂದೇನೂ ಓದಲಿಲ್ಲ, ಕಣ್ಣು ಅಭ್ಯಾಸಬಲದಿಂದ ಸಂಖ್ಯೆಗಳ ಮೇಲೆ ಹೋಯಿತು.

‘ಇದೇನ್ ಸರ್, ತಂತಿ ಪೈಪಾ?’

‘ಹ್ಞೂಂ. ಕ್ಲಾಂಪ್ ಹಾಕಿದಾರೆ. ಮೇಲಂಚಿಗೆ ಅಷ್ಟರ ಮಟ್ಟಿಗೆ ಆಧಾರ ಸಿಗತ್ತಲ್ವಾ?’ ತನ್ನ ದನಿ ಅಂಗಲಾಚುವವನ ದನಿಯಂತಿರುವುದು ಅವನಿಗೆ ಕೇಳಿಸಿತು.

ಅವಳು ಚಿತ್ರವನ್ನು ಮತ್ತೊಮ್ಮೆ ನೋಡಿದಳು. ‘ಇವು ಇರೋದು ಕೆಳಗಿನ ಅಂಚಲ್ಲಿ. ಅಲ್ದೆ ಪೈಪು ಚಾನಲನ್ನ ಹಿಡ್ಕೊಂಡಿಲ್ಲ ಸರ್. ಚಾನಲ್ಲೇ ಪೈಪನ್ನ ಹಿಡ್ಕೊಂಡಿದೆ.’

ಅವನು ನಗಲು ನೋಡಿದ. ಇಪ್ಪತ್ತಾರು ವರ್ಷದಲ್ಲಿ ಯಾರಾದರೂ ಇಂಥ ಲೆಕ್ಕ ತಂದಿದ್ದರೆ ಕಚೇರಿಯೆಲ್ಲ ಒಂದು ವಾರ ನಗುವ ಹಾಗೆ ಹೇಳುತ್ತಿದ್ದ. ಅವಳು ನಗಲಿಲ್ಲ. ಮೂರು ವರ್ಷದ ಹಿಂದಿನ ಅಳತೆಗಳು ಅವಳಿಗೆ ನೆನಪಿದ್ದವೆಂದು ಅವಳ ಮುಖ ನಿಧಾನವಾಗಿ ಬದಲಾದದ್ದರಲ್ಲೇ ಗೊತ್ತಾಯಿತು.

‘ನಿಮ್ಮಕ್ಕೋರ ಅಟ್ಟ ಅಲ್ವಾ? ವೆಲ್ಡಿಂಗ್ ಮಾಡಿಲ್ವಾ?’

‘ಇಲ್ಲ.’

ಈಗ ಅನ್ನುತ್ತಾಳೆ, ಬರೆದಿದ್ದೆನಲ್ಲ ಎಂದು. ಅನ್ನಲಿ ಎಂದು ಅವನು ಕಾದ, ಅಂದರೆ ಒಂದು ಬಗೆಯ ನೆಮ್ಮದಿಯಾಗುತ್ತಿತ್ತು, ತಿರುಗಿ ಏನಾದರೂ ಹೇಳಿ ಜಗಳಕ್ಕಾದರೂ ಬೀಳಬಹುದಿತ್ತು. ಅವಳು, ‘ಈಗ ಮೇಲೆ ಎಷ್ಟಿದೆ?’ ಎಂದಳು. ‘ಅರ್ಧ. ಎರಡು ಗಂಟೆಗೆ ಇನ್ನರ್ಧ ಬರತ್ತೆ.’ ‘ಕೆಳಗೆ ಯಾರಿರ್ತಾರೆ?’ ‘ಅಕ್ಕ.’ ಅವಳು ತನ್ನ ಮೇಜಿಗೆ ಹೋಗಿ ಡ್ರಾಯರಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿಕೊಂಡು ಬಂದು, ‘ಹೊರಡಿ ಸರ್. ದಾರೀಲಿ ಫೋನ್ ಮಾಡೋಣ,’ ಎಂದಳು.

ಟ್ಯಾಕ್ಸಿಯಲ್ಲಿ ಅವನು ನಾಲ್ಕು ಸಲ ಫೋನು ಮಾಡಿದ. ಯಂತ್ರದ ಸದ್ದಿನಲ್ಲಿ ಅಕ್ಕನಿಗೆ ಕೇಳಿಸುವುದಿಲ್ಲ. ಭಾವ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಅಂಗಿಯನ್ನು ಗೂಟಕ್ಕೆ ನೇತುಹಾಕಿ ಕೆಲಸ ಮಾಡುವವರು. ಸಿಗ್ನಲಿನಲ್ಲಿ ಗಾಡಿ ನಿಂತಾಗಲೆಲ್ಲ ಅವನು ತನ್ನ ಕಾಲಿನಿಂದ ಇಲ್ಲದ ಪೆಡಲನ್ನು ಒತ್ತುತ್ತಿದ್ದ. ರಸ್ತೆ ಬದಿಯ ಕಟ್ಟಡಗಳ ಬಾಲ್ಕನಿಗಳು, ಮೆಟ್ಟಿಲುಗಳು, ಬಣ್ಣ ಬಳಿಯುವವರ ತೂಗುಹಲಗೆಗಳು, ಪ್ರತಿಯೊಂದರ ಕೆಳಗೂ ಯಾರೋ ನಿಂತಿದ್ದರು, ಯಾರೂ ಮೇಲೆ ನೋಡುತ್ತಿರಲಿಲ್ಲ. ಯಾಕೆ ನೋಡಬೇಕು? ಯಾರೋ ಒಬ್ಬ ಲೆಕ್ಕ ಹಾಕಿರುತ್ತಾನೆ. ‘ನೀವು ಆವತ್ತೇ ಹೇಳಿದ್ರಿ,’ ಎಂದ ಅವನು, ಮುಂದಿನ ಸೀಟಿನ ಬೆನ್ನನ್ನು ನೋಡುತ್ತ. ‘ಆ ಸಾಲನ್ನ ನಾನೇ ಅಳಿಸಿದ್ದು.’

‘ಗೊತ್ತು ಸರ್. ನಕ್ಷೆ ವಾಪಸ್ ಬಂದಾಗ ನೋಡಿದ್ದೆ.’ ಚೀಲವನ್ನು ಮಡಿಲಿಗೆ ಎಳೆದುಕೊಂಡು, ‘ನೋಡಿ ನಾನೂ ಸುಮ್ನಾದೆ. ಮತ್ತೆ ಯಾರು ನಗಿಸ್ಕೊಳ್ಳೋದು ಅಂತ,’ ಎಂದಳು.

ಆ ದಿನ ಅವನ ಕಣ್ಣ ಮುಂದೆ ಬಂತು. ತಾನು ಅಂದು ಎತ್ತಿ ಹಿಡಿದ ಹಾಳೆ, ಎಲ್ಲರ ಹಲ್ಲು, ಅವಳು ಮೇಜಿಗೆ ಮರಳುವಾಗ ಕುರ್ಚಿಯ ಕಾಲಿಗೆ ಎಡವಿದ್ದು, ಎಡವಿದ್ದಕ್ಕೂ ಇನ್ನೊಂದು ಸಲ ನಕ್ಕಿದ್ದು. ಅವನಿಗೆ ಗಾಡಿಯಿಂದ ಇಳಿದು ಓಡಿಬಿಡೋಣ ಅನ್ನಿಸಿತು, ಷೆಡ್ಡಿನ ಕಡೆಗೋ ಅದರ ಎದುರು ದಿಕ್ಕಿಗೋ ತಿಳಿಯಲಿಲ್ಲ. ಇನ್ನೊಂದು ಸಿಗ್ನಲ್ ದಾಟಿತು.

ಲಾರಿ ಆಗಲೇ ಬಂದಿತ್ತು. ಒಂದೂಕಾಲಕ್ಕೇ ಬಂದು ಷೆಡ್ಡಿನ ಬಾಗಿಲಿಗೆ ಹಿಂಭಾಗ ಕೊಟ್ಟು ನಿಂತಿತ್ತು. ಆಳುಗಳು ಹೆಗಲ ಮೇಲೆ ಕಾಗದದ ಕಟ್ಟು ಹೊತ್ತು ಏಣಿಮೆಟ್ಟಿಲು ಹತ್ತುತ್ತಿದ್ದರು, ಮೇಲೆ ತಗಡುಗಳು ಕಾಲಿಟ್ಟಲ್ಲೆಲ್ಲ ಟಣ್ ಟಣ್ ಅನ್ನುತ್ತಿದ್ದವು. ವೆಲ್ಡಿಂಗ್ ಆದ ತಗಡು ಹಾಗೆ ಸದ್ದು ಮಾಡುವುದಿಲ್ಲ. ಮೂರು ವರ್ಷ ಈ ಷೆಡ್ಡಿಗೆ ಬಂದು ಹೋಗುತ್ತಿದ್ದವನಿಗೆ ಈ ಸದ್ದು ಒಮ್ಮೆಯೂ ಕೇಳಿಸಿರಲಿಲ್ಲವೇ? ಅಕ್ಕ ತನ್ನ ಜಾಗದಲ್ಲೇ ಕೂತಿದ್ದಳು, ಎರಡನೆಯ ಚಾನಲಿನ ಕೆಳಗೆ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಹಾಳೆಯ ಮಡಿಕೆಗಳನ್ನು ಹೊಲಿಯುತ್ತ. ಅವಳ ಆಚೀಚೆ ಇನ್ನಿಬ್ಬರು ಹೆಂಗಸರು. ‘ನಿಲ್ಸಿ! ಹತ್ತಬೇಡಿ! ಅಕ್ಕಾ, ಏಳು! ಎದ್ದೇಳೇ, ಈಚೆ ಬಾ!’ ಎಂದು ಅವನು ಕೂಗಿದ. ತನ್ನ ದನಿ ಅಷ್ಟು ಕೀರಲಾಗಬಹುದೆಂದು ಅವನಿಗೇ ಗೊತ್ತಿರಲಿಲ್ಲ. ಯಂತ್ರ ನಿಂತಿತು. ಅಕ್ಕ ಹೆದರಿ ಎದ್ದು ಸೂಜಿ ಕೈಯಲ್ಲೇ ಹಿಡಿದು ಬಂದಳು. ಭಾವ, ‘ಏನಪ್ಪಾ, ಬೆಂಕಿ ಬಿದ್ದಿದ್ಯಾ?’ ಎಂದು ನಗುತ್ತಲೇ ಈಚೆ ಬಂದರು.

ಅವನು ಹೇಳಿದ. ಆಳುಗಳು, ಲಾರಿ ಚಾಲಕ, ಹೊಲಿಯುವ ಹೆಂಗಸರು ಎಲ್ಲರೂ ಸುತ್ತ ನಿಂತಿರುವಾಗ, ಲೆಕ್ಕ ತಪ್ಪಿದೆ, ತಪ್ಪಿದ್ದು ನನ್ನದು, ಈ ಮೇಡಂ ಸರಿಯಾಗಿ ಮಾಡಿದ್ದನ್ನ ನಾನೇ ಹೊಡೆದು ಹಾಕಿದೆ, ಅಟ್ಟಕ್ಕೆ ಇಷ್ಟು ಭಾರ ಹಾಕೋ ಹಾಗಿಲ್ಲ, ಎಂದು ಒಂದೊಂದಾಗಿ ಹೇಳಿದ. ಹೇಳುತ್ತ ಹೇಳುತ್ತ, ಇದಕ್ಕೇನಾ ಬೆಳಿಗ್ಗೆಯಿಂದ ಅಷ್ಟು ಅಂಜಿದ್ದು ಎಂದು ಆಶ್ಚರ್ಯವಾಯಿತು. ಯಾರೂ ನಗಲಿಲ್ಲ. ಭಾವ ಒಂದು ಗಳಿಗೆ ಮೇಲೆ ನೋಡಿದರು, ಆಮೇಲೆ ಪಂಚೆ ಮೇಲೆ ಕಟ್ಟಿ, ‘ಏನ್ ನೋಡ್ತಾ ನಿಂತಿದೀರ್ರೋ, ಇಳಿಸಿ,’ ಎಂದರು. ಸಾಲು ಕಟ್ಟಿ ಎಲ್ಲರೂ ಕೈಯಿಂದ ಕೈಗೆ ಕಾಗದದ ರೀಮುಗಳನ್ನು ಇಳಿಸಿದರು. ದಶಾಂಶ ಕೆಳಗೆ ನಿಂತು, ಒಂದೇ ಕಡೆಯಿಂದ ಖಾಲಿ ಮಾಡಬೇಡಿ, ಎರಡೂ ಕಡೆಯಿಂದ ತೆಗೀರಿ, ನಡುವಿಂದು ಮೊದಲು, ಎಂದು ಹೇಳುತ್ತಿದ್ದಳು. ಭಾವ ಅವಳು ಹೇಳಿದಂತೆ ಕೇಳುತ್ತಿದ್ದರು. ಅವನೂ ಸಾಲಿನಲ್ಲಿ ನಿಂತಿದ್ದ, ಅಕ್ಕನ ಪಕ್ಕದಲ್ಲಿ. ಬೆವರು ಕಣ್ಣಿಗಿಳಿಯುತ್ತಿತ್ತು, ಕೈಯ ಚರ್ಮಕ್ಕೆ ಕಾಗದದ ಅಂಚು ಗೀರುತ್ತಿತ್ತು, ಮೈ ಹಗುರಾಗುತ್ತಿತ್ತು. ತಪ್ಪೊಪ್ಪಿಕೊಂಡವನ ಹಗುರ ಎಂದು ಅವನು ಅದಕ್ಕೆ ಹೆಸರನ್ನೂ ಕೊಟ್ಟುಕೊಂಡ.

‘ಯಾವಾಗ ಗೊತ್ತಾಯ್ತೋ ನಿಂಗೆ?’ ಎಂದು ಅಕ್ಕ ರೀಮು ಕೈಗಿಡುತ್ತ ಕೇಳಿದಳು. ಸುಮ್ಮನೆ ಕೇಳಿದ್ದು. ಚಿಕ್ಕಂದಿನಿಂದ ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡು ಅವನಿಗೆ ಅಭ್ಯಾಸವಿರಲಿಲ್ಲ.

‘ನಿನ್ನೆ. ಆ ತಗಡು ಎತ್ತಿದಾಗ.’

ಅಕ್ಕನ ಕೈ ರೀಮನ್ನು ಬಿಡಲಿಲ್ಲ. ಇಬ್ಬರೂ ಒಂದೇ ಕಟ್ಟನ್ನು ಎರಡು ಕಡೆಯಿಂದ ಹಿಡಿದು ಒಂದು ಕ್ಷಣ ನಿಂತರು. ಅವಳು ಕನ್ನಡಕದ ಮೇಲಿನಿಂದ ಅವನನ್ನು ನೋಡಿದಳು, ಗುರುತು ಹಚ್ಚುವವಳ ಹಾಗೆ. ಆಮೇಲೆ ಕೈ ಬಿಟ್ಟು, ಮುಂದಿನ ರೀಮಿಗಾಗಿ ಆ ಕಡೆ ತಿರುಗಿದಳು.

ಅಟ್ಟ ಕಾಲು ಭಾಗಕ್ಕೆ ಇಳಿಯುವಷ್ಟರಲ್ಲಿ ಮೂರು ಗಂಟೆ ದಾಟಿತು. ಯಾವ ಚಾನಲೂ ಬಾಗಿರಲಿಲ್ಲ, ಹೊರಳಿರಲಿಲ್ಲ. ಭಾವ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. ‘ತಪ್ಪು ಯಾರು ಮಾಡಲ್ಲ ಹೇಳು? ಬೇರೆಯವನಾಗಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಇದ್ದುಬಿಡೋನು. ನೀನು ಮಾನ ಮರ್ಯಾದೆ ನೋಡ್ದೆ ಓಡಿ ಬಂದೆಯಲ್ಲ, ಅದು ದೊಡ್ಡದು ಕಣೋ.’ ಆಳುಗಳೂ ಹೌದು ಹೌದೆಂದು ತಲೆಯಾಡಿಸಿದರು. ಬೆನ್ನ ಮೇಲಿನ ಕೈ ಭಾರವಾಗಿ, ಬೆಚ್ಚಗೆ ಇತ್ತು. ದಶಾಂಶ ಮೂಲೆಯ ಮೇಜಿನ ಮೇಲೆ ಚೀಲದಿಂದ ಕಚೇರಿಯ ನಮೂನೆ ತೆಗೆದು ಹರಡಿ ವರದಿ ಬರೆಯುತ್ತಿದ್ದಳು. ತಲೆಯೆತ್ತದೆ, ‘ಸರ್, ದೋಷ ಗಮನಕ್ಕೆ ಬಂದ ಸಮಯ ಏನಂತ ಹಾಕ್ಲಿ?’ ಎಂದಳು.

‘ಇವತ್ತೇ,’ ಎಂದಳು ಅಕ್ಕ. ‘ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ. ಗೊತ್ತಾದ ತಕ್ಷಣ ಬಂದ.’ ಅವಳು ಅವನ ಕಡೆ ನೋಡಲಿಲ್ಲ. ದೂಳಾದ ಸೆರಗನ್ನು ಕೊಡವುತ್ತಿದ್ದಳು. ದಶಾಂಶಳ ಪೆನ್ನು ಹಾಳೆಗೆ ಮುಟ್ಟಿತು. ಅಕ್ಕ ಇಷ್ಟು ನಯವಾಗಿ ಸುಳ್ಳು ಹೇಳಬಲ್ಲಳೆಂದು ಐವತ್ತು ವರ್ಷದಲ್ಲಿ ಅವನು ಕಂಡಿರಲಿಲ್ಲ. ಸ್ಲೇಟು ಒರೆಸಿದವಳು. ಸುಮ್ಮನಿದ್ದರೆ ಆಯಿತು, ಒಂದೇ ಒಂದು ಉಸಿರಿನಷ್ಟು ಹೊತ್ತು ಸುಮ್ಮನಿದ್ದರೆ ಎಲ್ಲ ಮುಗಿಯುತ್ತದೆ, ಭಾವ ಚಹಾ ತರಿಸುತ್ತಾರೆ.

‘ಅಲ್ಲ,’ ಎಂದ ಅವನು. ‘ನಿನ್ನೆ ಸಂಜೆ. ಐದೂವರೆಗೆ.’

ಭಾವನ ಕೈ ಅವನ ಬೆನ್ನ ಮೇಲೆ ಇನ್ನೂ ಇತ್ತು, ಆದರೆ ಅದರಲ್ಲಿ ಈಗ ಏನೂ ಇರಲಿಲ್ಲ. ಭಾವ ಹೆಂಡತಿಯನ್ನು ನೋಡಿದರು, ಅವಳ ಖಾಲಿ ಕುರ್ಚಿಯನ್ನು ನೋಡಿದರು. ಕುರ್ಚಿಯ ಮೇಲೆ ಅರ್ಧ ಹೊಲಿದ ಪುಸ್ತಕ ಇನ್ನೂ ಹಾಗೇ ಇತ್ತು. ದನಿ ಏರಿಸದೆ, ಏನೋ ಅರ್ಥವಾಗದ್ದನ್ನು ವಿಚಾರಿಸುವವರಂತೆ ಕೇಳಿದರು:

‘ಬೆಳಿಗ್ಗೆ ಒಂಬತ್ತರಿಂದ ಇವಳು ಇದರ ಕೆಳಗೇ ಕೂತಿದ್ಲಲ್ಲೋ?’

‘ಗೊತ್ತಿತ್ತು ಭಾವ,’ ಎಂದ.